ಬಬಲ್ ರ್ಯಾಪ್ ಒಡೆಯುವ ಖುಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡ ಹಿರಿಯರ ಭಾವಚಿತ್ರ, ಪದವಿ ಪ್ರಮಾಣಪತ್ರ ಹೀಗೆ ಗಾಜು ಇರುವ ಯಾವುದೇ ವಸ್ತು ನಮ್ಮ ಮೆಟ್ಟಿಲು ಇಳಿಯುವುದು ಬಬಲ್ ರ್ಯಾಪ್ ಹೊದ್ದುಕೊಂಡೇ. ಅಳತೆ ಕೊಡಲು ಬಂದವರ ಕೈ ತಾನಾಗಿ ಮೇಜಿನ ಮೇಲಿರುವ ತುಂಡು ಹಾಳೆಯತ್ತ ಹೋಗುತ್ತದೆ. ನಾಲ್ಕು ಗುಳ್ಳೆ ಒಡೆದ ಮೇಲೆ ಮಾತು ಶುರುವಾಗುತ್ತದೆ. ಅಂಗಡಿಯಲ್ಲಿ ಕೇಳಿದವು, ಪತ್ರದಲ್ಲಿ ಬಂದವು, ಮೊಬೈಲ್‌ಗೆ ಬಂದ ಸಂದೇಶಗಳು, ಎಲ್ಲದರಿಂದ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ.

## ಮೊದಲ ಪ್ರಶ್ನೆಗಳು

ಅಣ್ಣಾ, ಈ ಗುಳ್ಳೆ ಪ್ಲಾಸ್ಟಿಕ್ ಒಳಗೆ ಏನಿದೆ?

ಗಾಳಿ, ಅಷ್ಟೇ. ನಾವು ಉಸಿರಾಡುವ ಗಾಳಿಯೇ. ಎರಡು ತೆಳುವಾದ ಪಾಲಿಥೀನ್ ಹಾಳೆಗಳ ನಡುವೆ ಅದನ್ನು ಸಿಕ್ಕಿಸಿ ಮುಚ್ಚಿರುತ್ತಾರೆ. ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ ಹಾಳೆಯಾಗಿ ಎಳೆದು, ಮೈತುಂಬಾ ಸಣ್ಣ ಕುಳಿಗಳಿರುವ ಉರುಳೆಯ ಮೇಲೆ ಹಾಯಿಸುತ್ತಾರೆ. ಕುಳಿಯ ತಳದಿಂದ ಗಾಳಿ ಹೀರಿದಾಗ ಬಿಸಿ ಹಾಳೆ ಒಳಕ್ಕೆ ಜಗ್ಗಿ ಬಟ್ಟಲಿನ ಆಕಾರ ಪಡೆಯುತ್ತದೆ. ಆ ಬಟ್ಟಲುಗಳ ಬಾಯಿಯ ಮೇಲೆ ಎರಡನೆಯ ಚಪ್ಪಟೆ ಹಾಳೆ ಬಂದು ಬಿಸಿಯಲ್ಲೇ ಅಂಟಿಕೊಳ್ಳುತ್ತದೆ. ಅಂಟು ಬಳಸುವುದಿಲ್ಲ. ಒಂದು ಗುಳ್ಳೆಯನ್ನು ಬೆಳಕಿಗೆ ಹಿಡಿದು ನೋಡಿ: ಒಂದು ಬದಿ ಗುಮ್ಮಟ, ಇನ್ನೊಂದು ಬದಿ ಚಪ್ಪಟೆ, ಸುತ್ತ ಉಂಗುರದಂಥ ಅಂಚು. ಗುಮ್ಮಟದ ಪ್ಲಾಸ್ಟಿಕ್ ಎಳೆದು ಹಿಗ್ಗಿರುವುದರಿಂದ ಹೆಚ್ಚು ತೆಳ್ಳಗಿರುತ್ತದೆ.

ಮಗು ಒಡೆದ ಗುಳ್ಳೆಯನ್ನು ಮೂಸಿ ನೋಡಿತು, ತೊಂದರೆಯೇನಾದರೂ ಇದೆಯೇ?

ಇಲ್ಲ. ಹೊಸ ಹಾಳೆಗೆ ಸ್ವಲ್ಪ ಪ್ಲಾಸ್ಟಿಕ್ ವಾಸನೆ ಇರುತ್ತದೆ, ಗುಳ್ಳೆಯೊಳಗೆ ಬೇರೆ ಅನಿಲವೇನೂ ಇಲ್ಲ. ಮಗುವಿನ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಸಂಗತಿ ಬೇರೆಯೇ ಇದೆ, ಮುಂದೆ ಹೇಳಿದ್ದೇನೆ.

ಇದನ್ನು ಕಂಡುಹಿಡಿದ ಪುಣ್ಯಾತ್ಮರು ಯಾರು?

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹಾಥಾರ್ನ್ ಎಂಬ ಊರಿನಲ್ಲಿ, 1957ರಲ್ಲಿ, ಆಲ್ಫ್ರೆಡ್ ಫೀಲ್ಡಿಂಗ್ ಎಂಬ ಎಂಜಿನಿಯರ್ ಮತ್ತು ಸ್ವಿಟ್ಜರ್ಲೆಂಡ್ ಮೂಲದ ಮಾರ್ಕ್ ಶವಾನ್ ಸೇರಿ ಇದನ್ನು ತಯಾರಿಸಿದರು. ಅವರಿಗೆ ಬೇಕಾಗಿದ್ದದ್ದು ಗೋಡೆಗೆ ಅಂಟಿಸುವ ಉಬ್ಬುತಗ್ಗಿನ ಕಾಗದ. ಸ್ನಾನದ ಮನೆಯ ಎರಡು ಪ್ಲಾಸ್ಟಿಕ್ ಪರದೆಗಳನ್ನು ಒಟ್ಟಿಗೆ ಬಿಸಿ ಮಾಡಿ ಅಂಟಿಸಿದಾಗ ನಡುವೆ ಗಾಳಿಯ ಗುಳ್ಳೆಗಳು ಉಳಿದುಕೊಂಡವು. ಗೋಡೆ ಕಾಗದವಾಗಿ ಅದು ಯಾರಿಗೂ ಬೇಡವಾಯಿತು. ಹಸಿರುಮನೆಗಳಲ್ಲಿ ಬಿಸಿ ಉಳಿಸುವ ಹೊದಿಕೆಯಾಗಿ ಮಾರಲು ನೋಡಿದರು, ಅದೂ ಹೆಚ್ಚು ನಡೆಯಲಿಲ್ಲ. 1960ರಲ್ಲಿ ಸೀಲ್ಡ್ ಏರ್ ಎಂಬ ಕಂಪನಿ ಕಟ್ಟಿದರು. ಅದೇ ಹೊತ್ತಿಗೆ ಐಬಿಎಂ ತನ್ನ 1401 ಕಂಪ್ಯೂಟರನ್ನು ಊರೂರಿಗೆ ಕಳುಹಿಸಬೇಕಾಗಿತ್ತು. ಸೂಕ್ಷ್ಮ ಯಂತ್ರ, ದೂರದ ದಾರಿ. ಗುಳ್ಳೆ ಹಾಳೆಗೆ ತಕ್ಕ ಕೆಲಸ ಸಿಕ್ಕಿದ್ದು ಅಲ್ಲಿ. ಒಡೆದು ಖುಷಿಪಡಬಹುದು ಎಂಬುದು ತಯಾರಕರ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಕಂಡುಕೊಂಡವರು ಪೆಟ್ಟಿಗೆ ಬಿಚ್ಚಿದ ಜನ.

ಇಷ್ಟು ವಯಸ್ಸಾದ ಮೇಲೆ ಗುಳ್ಳೆ ಒಡೆಯುತ್ತಾ ಕುಳಿತರೆ ನೋಡಿದವರು ಏನೆಂದುಕೊಂಡಾರು?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಗಂಡಸರು, ಅದೂ ಐವತ್ತು ದಾಟಿದವರು, ಕೇಳುವಾಗಲೂ ಹಾಳೆ ಕೈಯಲ್ಲೇ ಇರುತ್ತದೆ. ನನ್ನ ಉತ್ತರ ಒಂದೇ: ಒಡೆಯಿರಿ. ಯಾರಿಗೂ ಖರ್ಚಿಲ್ಲದ, ಯಾರನ್ನೂ ನೋಯಿಸದ, ಕಲಿಯಬೇಕಾದದ್ದೇನೂ ಇಲ್ಲದ ಸಂತೋಷಗಳು ನಮಗೆ ಉಳಿದಿರುವುದೇ ಕಡಿಮೆ. ಅದಕ್ಕೆ ಮಕ್ಕಳ ನೆಪ ಬೇಕಾಗಿಲ್ಲ, ಆರೋಗ್ಯದ ನೆಪವೂ ಬೇಕಾಗಿಲ್ಲ. ನಮ್ಮ ಅಂಗಡಿಯಲ್ಲಿ ವಕೀಲರು ಒಡೆದಿದ್ದಾರೆ, ಪುರೋಹಿತರು ಒಡೆದಿದ್ದಾರೆ, ಗಂಡನ ಭಾವಚಿತ್ರಕ್ಕೆ ಕಟ್ಟು ಹಾಕಿಸಲು ಬಂದ ಒಬ್ಬ ತಾಯಿ ಚೌಕಟ್ಟು ಸಿದ್ಧವಾಗುವವರೆಗೆ ಮಾತಿಲ್ಲದೆ ಇಡೀ ತುಂಡನ್ನು ಒಡೆದು ಮುಗಿಸಿ ಮಡಿಸಿಟ್ಟು ಹೋಗಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಒಡೆದರೆ ಇಷ್ಟು ಹಿತವಾಗುವುದು ಏಕೆ?

ಕಾರಣ ಒಂದಲ್ಲ. ಬೆರಳಿಗೆ ಒತ್ತಡ ತಿಳಿಯುತ್ತದೆ, ಕಿವಿಗೆ ಶಬ್ದ ಬೀಳುತ್ತದೆ, ಕಣ್ಣೆದುರಿಗೇ ಗುಮ್ಮಟ ಕುಸಿಯುತ್ತದೆ, ಮೂರೂ ಒಂದೇ ಕ್ಷಣದಲ್ಲಿ. ನಾವು ದಿನವಿಡೀ ಮಾಡುವ ಕೆಲಸಗಳಲ್ಲಿ ಫಲ ಇಷ್ಟು ಬೇಗ ಕಾಣುವುದಿಲ್ಲ. ಅರ್ಜಿ ಹಾಕಿದರೆ ತಿಂಗಳು ಕಾಯಬೇಕು, ಕಾಫಿ ಗಿಡ ನೆಟ್ಟರೆ ವರ್ಷಗಟ್ಟಲೆ ಕಾಯಬೇಕು. ಗುಳ್ಳೆ ಮಾತ್ರ ಒತ್ತಿದ ತಕ್ಷಣ ಉತ್ತರ ಕೊಡುತ್ತದೆ.

ಒತ್ತಿದಾಗ ಮೊದಲು ಅದು ಸ್ವಲ್ಪ ಎದುರಿಸುತ್ತದೆ ಎಂಬುದೂ ಮುಖ್ಯ. ಎದುರೇ ಇಲ್ಲದೆ ಕುಸಿದಿದ್ದರೆ ಯಾರೂ ಎರಡನೆಯದಕ್ಕೆ ಕೈ ಹಾಕುತ್ತಿರಲಿಲ್ಲ. ಯಾವ ಕ್ಷಣಕ್ಕೆ ಒಡೆಯುತ್ತದೆ ಎಂಬುದು ಪೂರ್ತಿ ಗೊತ್ತಿಲ್ಲ, ಒಡೆದೇ ಒಡೆಯುತ್ತದೆ ಎಂಬುದು ಮಾತ್ರ ಗೊತ್ತು. ಈ ಎರಡರ ನಡುವಿನ ಸಣ್ಣ ಕಾಯುವಿಕೆಯಲ್ಲೇ ರುಚಿ ಇದೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಇನ್ನೊಂದು. ಚಿಕ್ಕಂದಿನಿಂದ ನಾವು ಕೇಳಿಕೊಂಡು ಬಂದ ಮಾತು ‘ಒಡೆಯಬೇಡ’. ಲೋಟ, ತಟ್ಟೆ, ಕನ್ನಡಿ, ಪಕ್ಕದ ಮನೆಯ ಕಿಟಕಿ. ಗಾಜಿನ ಅಂಗಡಿಯಲ್ಲಂತೂ ದಿನಕ್ಕೆ ಎಷ್ಟು ಬಾರಿ ಆ ಮಾತು ಹೇಳುತ್ತೇವೋ ಲೆಕ್ಕವಿಲ್ಲ. ಅದೇ ಅಂಗಡಿಯಲ್ಲಿ, ಅದೇ ಗಾಜಿನ ಪಕ್ಕದಲ್ಲಿ, ಒಡೆದರೂ ಯಾರೂ ಗದರದ ವಸ್ತು ಇದೊಂದೇ.

## ಒಡೆಯುವ ಬಗೆ

ನಾನು ಬಟ್ಟೆ ಹಿಂಡಿದಂತೆ ತಿರುಚಿ ಒಡೆಯುತ್ತೇನೆ, ಮಗಳು ಒಂದೊಂದೇ ಒಡೆಯುತ್ತಾಳೆ. ಯಾವುದು ಸರಿ?

ಮಗಳದ್ದು. ತಿರುಚಿದರೆ ಒಂದಷ್ಟು ಪಟಪಟ ಶಬ್ದ ಒಟ್ಟಿಗೆ ಬಂದು ಮುಗಿದುಹೋಗುತ್ತದೆ, ಕೈಗೆ ಯಾವುದೂ ಬೇರೆಯಾಗಿ ತಿಳಿಯುವುದಿಲ್ಲ. ಅರ್ಧದಷ್ಟು ಗುಳ್ಳೆಗಳು ಒಡೆಯದೆ ನಡುವೆ ಉಳಿದುಬಿಡುತ್ತವೆ ಕೂಡ.

ಒಂದೊಂದಾಗಿ ಒಡೆಯುವಾಗ ಗುಮ್ಮಟದ ಬದಿಗೆ ತೋರುಬೆರಳು, ಚಪ್ಪಟೆ ಬದಿಗೆ ಹೆಬ್ಬೆರಳು ಇಡಿ. ಬೆರಳಿನ ತುದಿಯಲ್ಲಿ ಬೇಡ, ತುದಿಯಿಂದ ಸ್ವಲ್ಪ ಕೆಳಗಿನ ಮೆತ್ತನೆಯ ಭಾಗದಲ್ಲಿ ಒತ್ತಿ. ಉಗುರು ತಾಗಿದರೆ ತೂತಾಗಿ ಗಾಳಿ ಸೋರುತ್ತದೆ, ಶಬ್ದ ಬರುವುದಿಲ್ಲ. ನಿಧಾನಕ್ಕೆ ಒತ್ತುತ್ತಾ ಹೋದರೆ ಗುಮ್ಮಟದ ನೆತ್ತಿ ಮೊದಲು ಚಪ್ಪಟೆಯಾಗುತ್ತದೆ, ಗಾಳಿ ಅಂಚಿಗೆ ಸರಿದು ಬದಿ ಉಬ್ಬುತ್ತದೆ, ಉಬ್ಬಿದ ಕಡೆ ಪ್ಲಾಸ್ಟಿಕ್ ಬಿಗಿದು ಹೊಳೆಯುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಮುಂದೆ ಹೋದರೆ ಟಪ್. ಆಮೇಲೆ ನೋಡಿದರೆ ಗುಮ್ಮಟದ ಮೇಲೆ ಅರ್ಧಚಂದ್ರದ ಮಡಿಕೆ, ಬದಿಯಲ್ಲಿ ಸಣ್ಣ ಸೀಳು.

ಸಾಲುಗಳನ್ನು ಗಮನಿಸಿ. ಒಂದು ಸಾಲಿನ ಗುಳ್ಳೆ ಮುಂದಿನ ಸಾಲಿನ ಎರಡು ಗುಳ್ಳೆಗಳ ಸಂದಿಗೆ ಕೂರುವಂತೆ ಜೋಡಿಸಿರುತ್ತಾರೆ, ಹಾಗಾಗಿ ನಡುವಿನ ಪ್ರತಿ ಗುಳ್ಳೆಗೂ ಆರು ನೆರೆಮನೆ. ಒಂದನ್ನು ನಡುವೆ ಬಿಟ್ಟು ಸುತ್ತಲಿನ ಆರನ್ನು ಒಡೆದು, ಕೊನೆಗೆ ನಡುವಿನದನ್ನು ಒಡೆಯುವುದು ನನಗೆ ಇಷ್ಟ. ಮಕ್ಕಳು ಒಡೆದದ್ದು, ಒಡೆಯದ್ದನ್ನು ಲೆಕ್ಕ ಹಾಕಿ ರಂಗೋಲಿಯ ಆಕಾರ ಮೂಡಿಸುತ್ತಾರೆ, ಹೆಸರಿನ ಮೊದಲ ಅಕ್ಷರ ಬರೆಯುತ್ತಾರೆ.

ದೊಡ್ಡ ಗುಳ್ಳೆಯದು ಒಳ್ಳೆಯದೋ ಸಣ್ಣದೋ?

ಬೆರಳಿಗೆ ಸಣ್ಣದು, ಅಂಗೈಗೆ ದೊಡ್ಡದು. ಸುಮಾರು ಒಂದು ಸೆಂಟಿಮೀಟರ್ ಅಗಲದ ಗುಳ್ಳೆಯ ಶಬ್ದ ಚುರುಕು, ದೊಡ್ಡದರದ್ದು ತಗ್ಗಿದ ದನಿ. ದೊಡ್ಡದನ್ನು ಎರಡು ಬೆರಳಿನಲ್ಲಿ ಹಿಡಿಯಲು ಹೋದರೆ ಗಾಳಿ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ನೆಲದ ಮೇಲೆ ಹಾಸಿ ಹಿಮ್ಮಡಿಯಿಂದ ತುಳಿದರೆ ಮಾತ್ರ ಅದರ ಗಮ್ಮತ್ತು. ಮೊಸಾಯಿಕ್ ಅಥವಾ ಟೈಲ್ಸ್ ನೆಲದಲ್ಲಿ ಹಾಳೆ ಜಾರುತ್ತದೆ, ಗೋಡೆ ಹಿಡಿದುಕೊಂಡೇ ತುಳಿಯಿರಿ.

ಕೆಲವು ಗುಳ್ಳೆಗಳು ‘ಟಪ್’ ಎನ್ನದೆ ‘ಪುಸ್’ ಎನ್ನುತ್ತವಲ್ಲ?

ಗಾಳಿ ಮೊದಲೇ ಸೋರಿದೆ ಎಂದರ್ಥ. ಪಾಲಿಥೀನ್ ಕಣ್ಣಿಗೆ ಎಷ್ಟು ಬಿಗಿಯಾಗಿ ಕಂಡರೂ ಗಾಳಿಯನ್ನು ಶಾಶ್ವತವಾಗಿ ತಡೆಹಿಡಿಯುವುದಿಲ್ಲ, ತಿಂಗಳುಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಹೊರಹೋಗುತ್ತದೆ. ಭಾರದ ಕೆಳಗೆ ಇದ್ದ ಹಾಳೆಯಲ್ಲಿ ಇದು ಇನ್ನೂ ಬೇಗ. ಒಳ್ಳೆಯ ದರ್ಜೆಯ ಹಾಳೆಗಳಲ್ಲಿ ಪಾಲಿಥೀನ್ ಪದರಗಳ ನಡುವೆ ತೆಳುವಾದ ನೈಲಾನ್ ಪದರ ಸೇರಿಸಿರುತ್ತಾರೆ, ಅವು ಬಹಳ ಕಾಲ ಗಾಳಿ ಹಿಡಿದಿಡುತ್ತವೆ. ಅಟ್ಟದಿಂದ ಇಳಿಸಿದ ಹಳೆಯ ಹಾಳೆಗಳು ಸಪ್ಪೆಯಾಗಿರುವುದಕ್ಕೆ ಇದೇ ಕಾರಣ. ಸಿಕ್ಕಿದ ದಿನವೇ ಒಡೆಯಿರಿ, ಕೂಡಿಡಬೇಡಿ.

ನಮ್ಮ ಅಜ್ಜಿಗೆ ಆಸೆ, ಆದರೆ ಬೆರಳಿನಲ್ಲಿ ಶಕ್ತಿಯಿಲ್ಲ. ಏನು ಮಾಡುವುದು?

ಹಾಳೆಯನ್ನು ಮೇಜಿನ ಮೇಲೆ ಗುಮ್ಮಟ ಮೇಲೆ ಬರುವಂತೆ ಹಾಸಿ, ಸ್ಟೀಲ್ ಲೋಟದ ತಳದಿಂದ ಒತ್ತಲು ಹೇಳಿ. ಲಟ್ಟಣಿಗೆಯೂ ಆಗುತ್ತದೆ, ಅಭ್ಯಾಸವಿರುವ ಕೈಗೆ ಅದೇ ಹಿತ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟ ಹಾಳೆಯಲ್ಲಿ ಗುಳ್ಳೆ ಬಿಗಿಯಾಗಿ, ಪ್ಲಾಸ್ಟಿಕ್ ಮೆತ್ತಗಾಗಿ ಬೇಗ ಒಡೆಯುತ್ತದೆ. ಗಂಟುನೋವು ಇದ್ದವರು ನೋವು ಕಾಣಿಸಿದ ಕೂಡಲೇ ನಿಲ್ಲಿಸಬೇಕು.

ಬಸ್ಸಿನಲ್ಲಿ, ಕಚೇರಿಯಲ್ಲಿ ಒಡೆಯಬಹುದೇ?

ಹಗಲಿನ ಬಸ್ಸಿನಲ್ಲಿ ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸದು. ರಾತ್ರಿ ಬಸ್ಸಿನಲ್ಲಿ, ಗ್ರಂಥಾಲಯದಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಬೇಡ. ಇನ್ನೊಬ್ಬರ ಕಿವಿಯ ಹತ್ತಿರ ಎಲ್ಲಿಯೂ ಬೇಡ. ಒಡೆಯುವವನಿಗೆ ಹಿತವಾದ ಶಬ್ದ ಪಕ್ಕದವನಿಗೆ ಕಿರಿಕಿರಿ, ಏಕೆಂದರೆ ಬೆರಳಿನ ಖುಷಿ ಅವನ ಪಾಲಿಗಿಲ್ಲ. ಹಾಳೆಯ ಅರ್ಧ ಹರಿದು ಅವನ ಕೈಗೂ ಕೊಡಿ.

## ನಮ್ಮ ಊರು, ನಮ್ಮ ಹವೆ

ಮಂಗಳೂರಿನಿಂದ ಬಂದ ಪಾರ್ಸೆಲ್‌ನ ಗುಳ್ಳೆಗಳು ಚಿಕ್ಕಮಗಳೂರಿನಲ್ಲಿ ಹೆಚ್ಚು ಬಿಗಿಯಾಗಿ ಕಾಣುತ್ತವೆ. ನನ್ನ ಭ್ರಮೆಯೇ?

ಭ್ರಮೆಯಲ್ಲ. ಈ ಪ್ರಶ್ನೆ ಕೇಳಿದವರು ಮೂಡಿಗೆರೆ ಕಡೆಯ ಒಬ್ಬ ಶಿಕ್ಷಕಿ, ಅವರ ಬೆರಳಿನ ಸೂಕ್ಷ್ಮಕ್ಕೆ ನಮಸ್ಕಾರ. ಮಂಗಳೂರು ಇರುವುದು ಸಮುದ್ರಮಟ್ಟದಲ್ಲಿ. ಹಾಸನ ಸುಮಾರು 950 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ನಮ್ಮ ಎರಡೂ ಊರುಗಳಲ್ಲಿ ಅದು ಸಮುದ್ರಮಟ್ಟಕ್ಕಿಂತ ಹತ್ತರಲ್ಲಿ ಒಂದು ಪಾಲಿಗೂ ಸ್ವಲ್ಪ ಹೆಚ್ಚೇ ಕಡಿಮೆ. ಗುಳ್ಳೆಯೊಳಗಿನ ಗಾಳಿ ಮಾತ್ರ ಕೆಳಗಿನಿಂದ ಬಂದಷ್ಟೇ ಇರುತ್ತದೆ. ಹೊರಗಿನಿಂದ ಅದುಮುವ ಕೈ ಸಡಿಲವಾದ್ದರಿಂದ ಅದು ಹಿಗ್ಗಲು ನೋಡುತ್ತದೆ, ಗುಮ್ಮಟ ಬಿಗಿಯುತ್ತದೆ. ಶಿರಾಡಿ ಘಾಟಿ ಹತ್ತಿ ಬರುವಾಗ ಚಿಪ್ಸ್ ಪೊಟ್ಟಣ ಉಬ್ಬಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ನಡೆಯುವುದು ಅದೇ.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಒತ್ತಡ ಸಮುದ್ರಮಟ್ಟಕ್ಕಿಂತ ಐದನೇ ಒಂದು ಪಾಲು ಕಡಿಮೆ. ಕರಾವಳಿಯಲ್ಲಿ ತಯಾರಾದ ಹಾಳೆಯನ್ನು ಅಲ್ಲಿಗೆ ಒಯ್ದರೆ ಗುಳ್ಳೆ ಒಡೆಯಲು ಕಡಿಮೆ ಬಲ ಸಾಕು. ಕರ್ನಾಟಕದ ನೆಲದಲ್ಲಿ ಇದಕ್ಕಿಂತ ಎತ್ತರದಲ್ಲಿ ನಿಂತು ಗುಳ್ಳೆ ಒಡೆಯಲು ಸಾಧ್ಯವಿಲ್ಲ. ಒಯ್ಯುವವರು ತುಂಡನ್ನು ಅಲ್ಲಿ ಬಿಡದೆ ಜೇಬಿನಲ್ಲಿಟ್ಟುಕೊಂಡು ಬನ್ನಿ, ಗಾಳಿಗೆ ಹಾರಿ ಶೋಲಾ ಕಾಡಿನ ಕಣಿವೆಗೆ ಬಿದ್ದರೆ ತೆಗೆಯುವವರಿಲ್ಲ.

ಬೆಂಗಳೂರಿನಲ್ಲಿ ತಯಾರಾದ ಹಾಳೆಯಾದರೆ ಹಾಸನದಲ್ಲಿ ವ್ಯತ್ಯಾಸವೇ ತಿಳಿಯದು. ಎರಡೂ ಊರುಗಳ ಎತ್ತರ ಹೆಚ್ಚುಕಡಿಮೆ ಒಂದೇ.

ಸಕಲೇಶಪುರದ ಮನೆಯಲ್ಲಿ ಹಳೆಯ ಫೋಟೋಗಳನ್ನು ಬಬಲ್ ರ್ಯಾಪ್ ಸುತ್ತಿ ಜೋಪಾನವಾಗಿ ಇಟ್ಟಿದ್ದೆವು. ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಬೂಷ್ಟು. ಏಕೆ?

ಇದು ಹೊಟ್ಟೆ ಉರಿಸುವ ಸಂಗತಿ, ಪ್ರತಿ ವರ್ಷ ಇಂಥ ಫೋಟೋಗಳು ನಮ್ಮಲ್ಲಿಗೆ ಬರುತ್ತವೆ. ಬಬಲ್ ರ್ಯಾಪ್ ಪೆಟ್ಟನ್ನು ತಡೆಯುತ್ತದೆ, ಆದರೆ ಒಳಗೆ ಸೇರಿದ ತೇವವನ್ನೂ ಹೊರಗೆ ಬಿಡುವುದಿಲ್ಲ. ಆಷಾಢದ ತೇವ ಹೀರಿದ ಕಾಗದವನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ. ದಾರಿಯ ಪ್ರಯಾಣಕ್ಕೆ ಮಾತ್ರ ಇದನ್ನು ಸುತ್ತಿ, ಮನೆ ತಲುಪಿದ ದಿನವೇ ಬಿಚ್ಚಿ. ವರ್ಷಗಟ್ಟಲೆ ಇಡಬೇಕಾದದ್ದಕ್ಕೆ ಹಳೆಯ ಹತ್ತಿ ಬಟ್ಟೆ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿಡಿ. ಗುಳ್ಳೆಯ ಬದಿಯನ್ನು ಫೋಟೋದ ಮೇಲ್ಮೈಗೆ, ಬಣ್ಣದ ಚಿತ್ರಕ್ಕೆ ನೇರವಾಗಿ ತಾಗಿಸಿ ಇಡಲೇಬಾರದು. ದುಂಡು ದುಂಡಾದ ಗುರುತು ಬೀಳುತ್ತದೆ, ಅದು ಹೋಗುವುದಿಲ್ಲ.

ಬಿಚ್ಚಿದ ಹಾಳೆಯನ್ನು ಮನೆಮಂದಿ ಹಂಚಿಕೊಂಡು ಒಡೆಯಬಹುದು ಎಂಬುದು ಬೇಗ ಬಿಚ್ಚಲು ಇನ್ನೊಂದು ಕಾರಣ.

ಬಬಲ್ ರ್ಯಾಪ್ ಬರುವ ಮೊದಲು ನಮ್ಮ ಕಡೆಯ ಮಕ್ಕಳು ಏನನ್ನು ಒಡೆಯುತ್ತಿದ್ದರು?

ಬೇಕಾದಷ್ಟಿತ್ತು! ಬೇಲಿಯ ಪಕ್ಕದ ಬುಡ್ಡೆ ಹಣ್ಣಿನ ಕಾಗದದಂಥ ಸಿಪ್ಪೆ ಗಾಳಿ ತುಂಬಿಕೊಂಡಿರುತ್ತದೆ. ಅದನ್ನು ಬಾಯಿ ಮುಚ್ಚಿ ಹಿಡಿದು ಹಣೆಗೆ ಬಡಿದರೆ ಟಪ್ ಎನ್ನುತ್ತದೆ, ಆಮೇಲೆ ಹಣ್ಣು ಬಾಯಿಗೆ. ಮಳೆಗಾಲದಲ್ಲಿ ಕರ್ಣಕುಂಡಲದ ಬಲಿತ ಕಾಯಿ. ಮುಟ್ಟಿದರೆ ಸಾಕು, ಬೆರಳಿನ ನಡುವೆಯೇ ಸಿಡಿದು ಸುರುಳಿ ಸುತ್ತಿಕೊಂಡು ಬೀಜ ಚೆಲ್ಲುತ್ತದೆ. ಅದೇ ಕುಲದ ಕಾಡುಹೂಗಳು ಚಾರ್ಮಾಡಿಯಲ್ಲೂ ಗಿರಿಯ ಇಳಿಜಾರುಗಳಲ್ಲೂ ಮಳೆ ಹಿಡಿದ ಮೇಲೆ ಅರಳುತ್ತವೆ, ಅವುಗಳಲ್ಲಿ ಹಲವು ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಅವನ್ನು ಮಾತ್ರ ನೋಡಿ ಬಿಟ್ಟುಬಿಡಿ, ಮನೆಯಂಗಳದ ಗಿಡದ ಕಾಯಿ ಸಾಕು.

ಮಲೆನಾಡಿನ ಪೆಟ್ಲು ಇವೆಲ್ಲಕ್ಕಿಂತ ಜಾಣತನದ್ದು. ಸಣ್ಣ ಬಿದಿರ ಕೊಳವೆ, ಅದರೊಳಗೆ ಸರಿಯಾಗಿ ಕೂರುವ ಒಂದು ಕಡ್ಡಿ. ಕಾಳಿನಷ್ಟು ದೊಡ್ಡ ಹಸಿರು ಕಾಯಿಯೊಂದನ್ನು ಕಡ್ಡಿಯಿಂದ ತಳ್ಳಿ ತುದಿಗೆ ಬಿಗಿಯಾಗಿ ಕೂರಿಸಬೇಕು. ಇನ್ನೊಂದು ಕಾಯಿಯನ್ನು ಹಿಂದಿನಿಂದ ತಳ್ಳಿದರೆ ಎರಡರ ನಡುವೆ ಸಿಕ್ಕ ಗಾಳಿ ಒತ್ತಿಕೊಳ್ಳುತ್ತಾ ಹೋಗಿ, ಮುಂದಿನ ಕಾಯಿ ‘ಟಪ್’ ಎಂದು ಹಾರುತ್ತದೆ. ಗಾಳಿಯನ್ನು ಇಕ್ಕಟ್ಟಿಗೆ ಸಿಕ್ಕಿಸಿ ಒಮ್ಮೆಲೇ ಬಿಡುವ ವಿದ್ಯೆ ನಮ್ಮ ಹಳ್ಳಿಯ ಮಕ್ಕಳಿಗೆ ಪ್ಲಾಸ್ಟಿಕ್‌ಗೂ ಮೊದಲೇ ಕರಗತವಾಗಿತ್ತು. ಪೆಟ್ಲು ಆಡಿ ಬೆಳೆದ ಹಿರಿಯರು ಗುಳ್ಳೆ ಒಡೆಯುವಾಗ ಹೆಬ್ಬೆರಳಿನಲ್ಲಿ ಒಂದು ಲಯ ಇರುತ್ತದೆ, ನಾನು ಗಮನಿಸಿದ್ದೇನೆ.

## ಸುತ್ತುವುದು, ಉಳಿಸುವುದು, ಬಿಸಾಡುವುದು

ಸುತ್ತುವಾಗ ಗುಳ್ಳೆ ಒಳಗಿರಬೇಕೋ ಹೊರಗಿರಬೇಕೋ?

ಗಾಜಿನ ಸಾಮಾನಿಗೆ ಗುಳ್ಳೆ ಒಳಮುಖವಾಗಿರಲಿ. ವಸ್ತುವಿನ ಆಕಾರಕ್ಕೆ ಗುಳ್ಳೆಗಳು ಒಗ್ಗಿಕೊಂಡು ಹಿಡಿಯುತ್ತವೆ, ಹೊರಗಿನ ಚಪ್ಪಟೆ ಬದಿಯ ಮೇಲೆ ಟೇಪ್ ಚೆನ್ನಾಗಿ ಕೂರುತ್ತದೆ. ಮೂಲೆಗಳಿಗೆ ಎರಡು ಸುತ್ತು ಹೆಚ್ಚು. ಚೌಕಟ್ಟು ಒಡೆಯುವುದು ಸಾಮಾನ್ಯವಾಗಿ ಮೂಲೆಯಿಂದಲೇ.

ಒಂದು ಸಾಲು ಮಾತ್ರ ಒಡೆದೆ, ಹಾಳೆಯನ್ನು ಮತ್ತೆ ಬಳಸಬಹುದೇ?

ಬಟ್ಟೆ, ಪುಸ್ತಕಕ್ಕಾದರೆ ಬಳಸಿ. ಗಾಜಿಗೆ ಬೇಡ. ಒಡೆದ ಗುಳ್ಳೆ ಅಂದರೆ ಬರೀ ಪ್ಲಾಸ್ಟಿಕ್, ಪೆಟ್ಟು ತಡೆಯುವ ಗುಣ ಗಾಳಿಯದ್ದು. ಒಡೆಯದ ಹಾಳೆಯನ್ನು ನಮ್ಮ ಅಂಗಡಿಗೆ ಮರಳಿ ತಂದುಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಕೆಲಸ ಇರುವ ಹಾಳೆಗೆ ಕೆಲಸ ಕೊಡಿ, ಅಲ್ಲಲ್ಲಿ ಸೋತು ಕೆಲಸಕ್ಕೆ ಬಾರದ್ದನ್ನು ಒಡೆಯಿರಿ ಎಂಬುದು ನಾನು ಎಲ್ಲರಿಗೂ ಹೇಳುವ ಕ್ರಮ. ಇನ್ನೊಂದು ಪಟ ಕಾಪಾಡಬಲ್ಲ ಹಾಳೆಯನ್ನು ಸುಮ್ಮನೆ ಒಡೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ಒಡೆಯಲೆಂದೇ ಒಂದು ರೋಲ್ ಖರೀದಿಸುವುದು ತಪ್ಪೇ?

ಬೇಡ ಎನ್ನುತ್ತೇನೆ. ರೋಲ್ ಮುಂದಿಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಸಾಕೆನಿಸುತ್ತದೆ, ಉಳಿಯುವುದು ಕಸ. ಪಾರ್ಸೆಲ್‌ನೊಂದಿಗೆ ತಾನಾಗಿ ಬಂದ ಅಂಗೈ ಅಗಲದ ತುಂಡಿನ ಸುಖ ಅಳತೆ ಮೀರದಿರುವುದರಲ್ಲೇ ಇದೆ. ನಿತ್ಯ ಬೇಕೆನಿಸುವವರಿಗೆ ಸಿಲಿಕಾನ್‌ನ ಪಾಪ್ ಇಟ್ ಆಟಿಕೆ ಇದೆ, ಜಾತ್ರೆಯ ಅಂಗಡಿಗಳಲ್ಲೂ ಸಿಗುತ್ತದೆ. ಒಂದು ಬದಿ ಒತ್ತಿ ಮುಗಿಸಿ ತಿರುಗಿಸಿದರೆ ಮತ್ತೆ ಶುರು. ಇಸ್ರೇಲಿನ ಆಟಿಕೆ ವಿನ್ಯಾಸಕರಾದ ಥಿಯೋ ಕೋಸ್ಟರ್ ಮತ್ತು ಓರಾ ಕೋಸ್ಟರ್ ದಂಪತಿ 1970ರ ದಶಕದಲ್ಲೇ ಅದರ ಕಲ್ಪನೆ ಮಾಡಿದ್ದರು, ಜಗತ್ತಿನ ಮಕ್ಕಳೆಲ್ಲರ ಕೈಗೆ ಬಂದದ್ದು 2021ರ ಸುಮಾರಿಗೆ. ಅದರ ಶಬ್ದ ಮಂದ. ನನಗೆ ಗಾಳಿಯ ಗುಳ್ಳೆಯೇ ಮೇಲು.

ಪ್ಲಾಸ್ಟಿಕ್ ನಿಷೇಧವಿದೆಯಲ್ಲ, ಬಬಲ್ ರ್ಯಾಪ್ ಬಳಸಬಹುದೇ?

2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸಿಹಿತಿಂಡಿ ಪೆಟ್ಟಿಗೆಯ ಮೇಲಿನ ತೆಳು ಹೊದಿಕೆ ಮುಂತಾದವು ಇವೆ. ಬಬಲ್ ರ್ಯಾಪ್ ಅದರಲ್ಲಿಲ್ಲ. ಹಾಗೆಂದು ಎಲ್ಲೆಂದರಲ್ಲಿ ಎಸೆಯಲು ಪರವಾನಗಿ ಸಿಕ್ಕಿತು ಎಂದಲ್ಲ. ಒಡೆದು ಮುಗಿದ ಹಾಳೆಯಿಂದ ಟೇಪ್ ಕಿತ್ತು, ಚೊಕ್ಕವಾಗಿ ಮಡಿಸಿ ಒಣಕಸಕ್ಕೆ ಹಾಕಿ. ಪೂರ್ತಿ ಒಡೆದದ್ದಾದರೆ ಜಾಗವೂ ಕಡಿಮೆ ಹಿಡಿಯುತ್ತದೆ.

ನಮ್ಮ ಕಡೆ ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ದಯವಿಟ್ಟು ಹಾಕಬೇಡಿ. ಬೆಳಿಗ್ಗೆ ಒಲೆ ಮುಂದೆ ಕೂರುವವರು ಮನೆಯ ಹೆಂಗಸರು ಮತ್ತು ಚಳಿ ಕಾಯಿಸುವ ಮಕ್ಕಳು, ಆ ಹೊಗೆ ಹೋಗುವುದು ಅವರ ಎದೆಗೆ.

ಮಕ್ಕಳ ಕೈಗೆ ಕೊಡಬಹುದೇ? ಮನೆಯಲ್ಲಿ ನಾಯಿಯೂ ಇದೆ.

ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಬೇಡವೇ ಬೇಡ. ತುಂಡು ಗಂಟಲಿಗೆ ಸಿಕ್ಕಬಹುದು, ದೊಡ್ಡ ಹಾಳೆ ಮುಖಕ್ಕೆ ಅಂಟಿ ಉಸಿರು ಕಟ್ಟಬಹುದು. ತೊಟ್ಟಿಲಿನ ಹತ್ತಿರ ಇಡಲೇಬೇಡಿ. ಶಾಲೆಗೆ ಹೋಗುವ ಮಕ್ಕಳಿಗೆ ಅಂಗೈಯಗಲದ ತುಂಡು ಕೊಟ್ಟು, ದೊಡ್ಡವರು ಜೊತೆಗಿದ್ದು ತಾವೂ ಒಡೆದರೆ ಸೊಗಸು. ನಾಯಿ ಶಬ್ದಕ್ಕೆ ಬೆಚ್ಚಬಹುದು, ಅಗಿದು ನುಂಗಿದರೆ ಕರುಳಿಗೆ ತೊಂದರೆ.

## ಇನ್ನೂ ಆಳಕ್ಕೆ

ಆ ‘ಟಪ್’ ಶಬ್ದ ನಿಜವಾಗಿ ಎಲ್ಲಿಂದ ಬರುತ್ತದೆ?

ಒತ್ತುತ್ತಾ ಹೋದಂತೆ ಗಾಳಿಯ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟು, ಶಾಲೆಯಲ್ಲಿ ಓದಿದ ಬಾಯ್ಲ್ ನಿಯಮ. ಪ್ಲಾಸ್ಟಿಕ್ ಒಂದು ಹಂತದವರೆಗೆ ಹಿಗ್ಗಿ ತಡೆದುಕೊಂಡು, ತೀರಾ ತೆಳುವಾದ ಜಾಗದಲ್ಲಿ ಸೀಳುತ್ತದೆ. ಒತ್ತಿಕೊಂಡಿದ್ದ ಗಾಳಿ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಹೊರಗೆ ನುಗ್ಗಿ, ಸುತ್ತಲಿನ ಗಾಳಿಗೆ ಒಂದು ಧಕ್ಕೆ ಕೊಡುತ್ತದೆ. ಆ ಧಕ್ಕೆಯೇ ಅಲೆಯಾಗಿ ಕಿವಿ ಮುಟ್ಟುತ್ತದೆ. ಸೂಜಿಯಿಂದ ಚುಚ್ಚಿದರೆ ಅದೇ ಗಾಳಿ ಒತ್ತಡವೇರದೆ ಮೆಲ್ಲಗೆ ಹೋಗುವುದರಿಂದ ಸದ್ದು ಏಳುವುದಿಲ್ಲ.

ಒಡೆಯಲು ಬಾರದ ಬಬಲ್ ರ್ಯಾಪ್ ಬಂದಿದೆಯಂತೆ, ಹೌದೇ?

ಹೌದು, ದುಃಖದ ಸುದ್ದಿಯೇ. 2015ರಲ್ಲಿ ಸೀಲ್ಡ್ ಏರ್ ಕಂಪನಿಯೇ ಅಂಥದ್ದನ್ನು ಪ್ರಕಟಿಸಿತು. ಅದರಲ್ಲಿ ಒಂದು ಸಾಲಿನ ಗುಳ್ಳೆಗಳಿಗೆಲ್ಲ ನಡುವೆ ಸಣ್ಣ ಕಾಲುವೆ ಇರುತ್ತದೆ. ಒಂದನ್ನು ಒತ್ತಿದರೆ ಗಾಳಿ ಪಕ್ಕದ ಮನೆಗೆ ಓಡುತ್ತದೆ, ಒಡೆಯುವುದಿಲ್ಲ. ಹಾಳೆ ಚಪ್ಪಟೆಯಾಗಿ ಬಂದು ಬಳಸುವ ಜಾಗದಲ್ಲೇ ಪಂಪಿನಿಂದ ಗಾಳಿ ತುಂಬಿಸಿಕೊಳ್ಳುತ್ತದೆ. ಲಾರಿಯಲ್ಲಿ ಗಾಳಿ ಸಾಗಿಸುವ ಖರ್ಚು ಉಳಿಯುತ್ತದೆ, ಆ ಲೆಕ್ಕವನ್ನು ಅಂಗಡಿಯವನಾಗಿ ನಾನು ಒಪ್ಪುತ್ತೇನೆ. ನಮ್ಮ ಗೋದಾಮಿನ ಅರ್ಧ ಜಾಗ ತಿನ್ನುವುದು ಈ ಗಾಳಿಯೇ. ಆದರೂ ಮೇಜಿನ ಮೇಲೆ ನಾನು ಇಡುವುದು ಒಡೆಯುವ ಹಾಳೆಯನ್ನೇ.

ಜಪಾನಿನಲ್ಲಿ ಕೊನೆಯೇ ಇಲ್ಲದ ಗುಳ್ಳೆ ಆಟಿಕೆ ಇದೆಯಂತಲ್ಲ?

2007ರಲ್ಲಿ ಬಂಡಾಯ್ ಎಂಬ ಆಟಿಕೆ ಕಂಪನಿ ತಂದದ್ದು. ಕೀಲಿಗೊಂಚಲಿಗೆ ಸಿಕ್ಕಿಸುವಷ್ಟು ಪುಟ್ಟದು, ಎಂಟು ಗುಂಡಿಗಳು. ಒತ್ತಿದರೆ ಗುಳ್ಳೆ ಒಡೆದ ಅನುಭವ, ನೂರು ಬಾರಿ ಒತ್ತಿದಾಗೊಮ್ಮೆ ಬೇರೆ ಏನಾದರೂ ವಿಚಿತ್ರ ಶಬ್ದ.

ಇದು ಮನಸ್ಸಿನ ಒತ್ತಡಕ್ಕೆ ಮದ್ದಾಗುತ್ತದೆಯೇ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥ್ಲೀನ್ ಡಿಲನ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಳ್ಳೆ ಒಡೆದ ಕಾಲೇಜು ವಿದ್ಯಾರ್ಥಿಗಳು ಒಡೆಯುವ ಮೊದಲಿಗಿಂತ ಹೆಚ್ಚು ಶಾಂತವಾಗಿಯೂ ಹೆಚ್ಚು ಚುರುಕಾಗಿಯೂ ಇರುವುದಾಗಿ ಹೇಳಿಕೊಂಡರು. ಕೈಗೆ ಕೆಲಸ ಸಿಕ್ಕರೆ ಮನಸ್ಸು ಹಗುರಾಗುವುದು ಜಪಸರ ಎಣಿಸುವವರಿಗೂ ಹೂ ಕಟ್ಟುವವರಿಗೂ ಗೊತ್ತಿರುವ ವಿಷಯವೇ. ಪರೀಕ್ಷೆಯ ಹಿಂದಿನ ಸಂಜೆ, ಬ್ಯಾಂಕಿನ ಸರದಿಯಲ್ಲಿ, ಫ್ರೇಮ್ ಕಾಯುತ್ತಾ ಕುಳಿತಾಗ ಒಂದು ತುಂಡು ಖಂಡಿತ ಒಳ್ಳೆಯದು ಮಾಡುತ್ತದೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಗುಳ್ಳೆಯಿಂದ ಹೋಗುವಂಥದ್ದಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಮಗನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದರಿಂದ ಏನಾದರೂ ಮಾಡಿಸಬಹುದೇ?

ಚೆನ್ನಾಗಿ ಮಾಡಿಸಬಹುದು, ಖರ್ಚೂ ಇಲ್ಲ. ಒಂದೇ ಹಾಳೆಯಿಂದ ಒಂದೇ ಅಳತೆಯ ಮೂರು ತುಂಡು ಕತ್ತರಿಸಿ. ಒಂದನ್ನು ಫ್ರಿಜ್‌ನಲ್ಲಿ, ಒಂದನ್ನು ನೆರಳಿನಲ್ಲಿ, ಒಂದನ್ನು ಬಿಸಿಲಿನಲ್ಲಿ ಅರ್ಧ ಗಂಟೆ ಇಡಿ. ಐದು ಡಿಗ್ರಿಯಿಂದ ಮೂವತ್ತೈದು ಡಿಗ್ರಿಗೆ ಬಂದ ಗಾಳಿ, ತಡೆಯಿಲ್ಲದಿದ್ದರೆ, ಸುಮಾರು ನೂರಕ್ಕೆ ಹತ್ತರಷ್ಟು ಹಿಗ್ಗುತ್ತದೆ. ಮುಟ್ಟಿದರೇ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ನೆಲದ ಮೇಲೆ ತುಂಡು ಹಾಸಿ, ಮೇಲೆ ಒಂದು ಹಲಗೆ ಇಟ್ಟು, ಹುಡುಗನನ್ನೇ ಮೆಲ್ಲಗೆ ಹತ್ತಿ ನಿಲ್ಲಲು ಹೇಳಿ. ನೂರಾರು ಗುಳ್ಳೆಗಳು ಭಾರ ಹಂಚಿಕೊಳ್ಳುವುದರಿಂದ ಹೆಚ್ಚಿನವು ಒಡೆಯುವುದಿಲ್ಲ. ಹಲಗೆ ತೆಗೆದು ಅದೇ ಹುಡುಗ ಹಿಮ್ಮಡಿ ಊರಿದರೆ ಒಡೆಯುತ್ತವೆ. ಹಲಗೆಯನ್ನು ಚಿಕ್ಕದು ಮಾಡುತ್ತಾ ಹೋಗಿ, ಎಷ್ಟು ಅಗಲಕ್ಕೆ ಒಡೆಯಲು ಶುರುವಾಯಿತೆಂದು ಬರೆದುಕೊಳ್ಳಲಿ.

ಬೇಸಿಗೆ ರಜೆಯಲ್ಲಿ ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗುವವರು ಮೂರನೆಯದನ್ನೂ ಸೇರಿಸಬಹುದು. ಕೆಳಗೆ ಅಂಗಡಿಯಲ್ಲಿ ಸಿಕ್ಕ ತುಂಡೊಂದರ ಗುಳ್ಳೆಯ ಎತ್ತರವನ್ನು ಸ್ಕೇಲಿಟ್ಟು ಅಳೆದು, ಮೊಬೈಲ್‌ನಲ್ಲಿ ಫೋಟೋ ತೆಗೆದು, ಊರಿಗೆ ಬಂದ ಮೇಲೆ ಮತ್ತೆ ಅಳೆಯಲಿ. ಎರಡೂ ಕಡೆ ಹೊತ್ತು ಒಂದೇ ಇರಲಿ, ನೆರಳಿನಲ್ಲೇ ಅಳೆಯಲಿ, ಇಲ್ಲವಾದರೆ ಸೆಖೆಯ ಲೆಕ್ಕವೂ ಎತ್ತರದ ಲೆಕ್ಕವೂ ಬೆರೆತುಹೋಗುತ್ತವೆ. ಅಳತೆ ಎಲ್ಲ ಪುಸ್ತಕಕ್ಕೆ ಏರಿದ ಮೇಲೆ ತುಂಡುಗಳನ್ನು ಪ್ರದರ್ಶನ ನೋಡಲು ಬಂದ ಮಕ್ಕಳಿಗೆ ಹಂಚಿ, ಒಡೆಯಲಿ.